‘ನಿನಗೆ’ ಎನ್ನುವ ಬದಲು ‘ನಿಮಗೆ’ ಎಂದೆ

ಉಡುಪಿಯ ಒಂದೇ ಆಫೀಸಿನಲ್ಲಿ ನಾನೂ ಅವನೂ 22 ವರ್ಷ ಎದುರುಬದುರು ಕೂತವರು. ಅವನು ಬ್ಯಾರಿ ಮುಸ್ಲಿಂ, ನಾನು ಬಿಲ್ಲವ, ಮಾತೆಲ್ಲ ತುಳುವಿನಲ್ಲಿ. 2022ರ ಫೆಬ್ರವರಿಯಲ್ಲಿ ಕ್ಲಾಸಿನಲ್ಲಿ ಹಿಜಾಬ್ ಹಾಕಬಹುದೇ ಎಂಬ ವಿಷಯ ಊರನ್ನೆಲ್ಲ ಎರಡು ಮಾಡಿದಾಗ ವಾಟ್ಸಾಪಿನಲ್ಲಿ ಅವನಿಗೊಂದು ಸಾಲು ಹಾಕಿದೆ: “ನಿಮಗೆ ಶಾಲೆಗಿಂತ ಧರ್ಮವೇ ದೊಡ್ಡದು.” ಅಷ್ಟು ವರ್ಷ ನೀನು ಎಂದು ಕರೆದವನನ್ನು ಒಂದೇ ಪದದಲ್ಲಿ ಗುಂಪಿಗೆ ತಳ್ಳಿಬಿಟ್ಟಿದ್ದೆ. ಅವನು ಉತ್ತರ ಕೊಡಲಿಲ್ಲ. ಎಂಟು ತಿಂಗಳು ಫೈಲಿನ ಮಾತು ಬಿಟ್ಟರೆ ಬೇರೆ ಮಾತಿಲ್ಲ.

ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಇದೇ ವಿಷಯದಲ್ಲಿ ಬೇರೆ ಬೇರೆ ತೀರ್ಪು ಕೊಟ್ಟರು. ಒಂದೇ ವಾದ ಕೇಳಿದ ಇಬ್ಬರಿಗೆ ಎರಡು ಥರ ಕಂಡಿತು. ಅವನಿಗೆ ಹೇಗೆ ಕಂಡಿತು ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ಅವತ್ತೇ ಸಂಜೆ ಮಲ್ಪೆಗೆ ಕರೆದೆ. ಬಂದ.

ಮೊದಲು ಆ ‘ನಿಮಗೆ’ಗೆ ಕ್ಷಮೆ ಕೇಳಿದೆ. ಅದಕ್ಕೆ ‘ಆದರೆ’ ಸೇರಿಸಲಿಲ್ಲ. ಆಮೇಲೆ ಒಂದು ಷರತ್ತು ಇಟ್ಟೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1951ರಲ್ಲಿ ಹೇಳಿದ್ದು ಅದು: ಎದುರಿನವನ ಮಾತನ್ನೂ ಮನಸ್ಸನ್ನೂ ‘ಹೌದು, ಇದೇ’ ಅಂತ ಅವನೇ ಒಪ್ಪುವ ಹಾಗೆ ಹೇಳಿದ ಮೇಲಷ್ಟೇ ನಮ್ಮ ಮಾತು ಶುರು. ಓದುವಾಗ ಸುಲಭ ಅನ್ನಿಸಿತ್ತು.

“ನಿನ್ನ ಪ್ರಕಾರ ಅದು ಧರ್ಮದ ಹಕ್ಕು,” ಅಂದೆ.

“ಅಲ್ಲ.”

“ಸರ್ಕಾರ ನಿಮ್ಮವರನ್ನು ಗುರಿ ಮಾಡಿತು ಅಂತ.”

“ನೋಡು ಮಾರಾಯ, ಮತ್ತೆ ‘ನಿಮ್ಮವರು’ ಬಂತು.”

ಎರಡು ಸಲವೂ ಟಿವಿಯಲ್ಲಿ ಕೇಳಿದ್ದನ್ನೇ ಅವನ ಬಾಯಿಗೆ ತುರುಕಿದ್ದೆ. ವಾದ ಬಿಟ್ಟು ಕೇಳಿದೆ: “ಆಗ ನಿನ್ನ ಮನೆಯಲ್ಲಿ ಎಂತ ಆಯ್ತು?”

“ಹಿಜಾಬ್ ತೆಗೆದು ಒಳಗೆ ಹೋಗು ಅಂತ ಮಗಳಿಗೆ ನಾನೇ ಹೇಳಿದ್ದೆ. ಅವಳು ಕೇಳಲಿಲ್ಲ. ಬೈಂಡ್ ಹಾಕಿದ ಫಿಸಿಕ್ಸ್ ರೆಕಾರ್ಡ್ ಹಿಡಿದು ಗೇಟಿನ ತನಕ ಹೋಗಿ ಹಾಗೇ ವಾಪಸ್. ಮನೆಯೊಳಗೆ ಅವಳ ಜೊತೆ ಜಗಳ, ಹೊರಗೆ ಅವಳ ಪರವಾಗಿ ಜಗಳ. ಅಷ್ಟರಲ್ಲಿ ನಿನ್ನ ಮೆಸೇಜು.”

ಮೂರನೇ ಸಲ ಹೇಳಿದೆ: “ಮಗಳ ಹಠಕ್ಕೂ ಊರಿನ ಸಿಟ್ಟಿಗೂ ನೀನೊಬ್ಬನೇ ಉತ್ತರ ಕೊಡಬೇಕಿತ್ತು. ನಾನಾದರೂ ವಿಚಾರಿಸುತ್ತೇನೆ ಅಂತ ನೀನು ಕಾದಿದ್ದೆ.” ಅವನು ಸಮುದ್ರ ನೋಡುತ್ತಾ ತಲೆಯಾಡಿಸಿದ.

ನನ್ನ ಸರದಿ ಬಂತು. ನಮ್ಮ ಬಿಲ್ಲವರನ್ನು ದೇವಸ್ಥಾನದ ಒಳಗೆ ಬಿಡದ ಕಾಲವಿತ್ತು; ಅದಕ್ಕೇ ಕೇರಳದ ಸಮಾಜ ಸುಧಾರಕ ನಾರಾಯಣ ಗುರುಗಳು 1912ರಲ್ಲಿ ಮಂಗಳೂರಿನ ಕುದ್ರೋಳಿ ದೇವಸ್ಥಾನ ಪ್ರತಿಷ್ಠಾಪಿಸಿದ್ದು. ನನ್ನ ಅಪ್ಪ ಶಾಲೆಯ ಜಗಲಿಯ ಮೂಲೆಯಲ್ಲಿ ಕೂತು ಅಕ್ಷರ ಕಲಿತವರು. ನನಗೆ ಮೊದಲ ಯೂನಿಫಾರ್ಮ್ ಹೊಲಿಸಿದ ದಿನ ಅದರ ಕಾಲರ್ ಮುಟ್ಟಿ ಮುಟ್ಟಿ ನೋಡಿದ್ದರು. ಇದನ್ನು ಅವನಿಗೆ ಅಷ್ಟು ವರ್ಷದಲ್ಲಿ ಹೇಳಿರಲಿಲ್ಲ.

“ನೀನು ಆ ಅಂಗಿ ಹಾಕಿದಾಗ ಅಪ್ಪನನ್ನೂ ಒಳಗೆ ಕೂರಿಸಿದ ಹಾಗಾಯ್ತು,” ಅಂದ. ಅಷ್ಟು ಸರಿಯಾಗಿ ಹೇಳಲು ನನಗೇ ಬಂದಿರಲಿಲ್ಲ.

ಯೂನಿಫಾರ್ಮಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಅವನದ್ದೂ ಇಲ್ಲ. ಆ ವಿಷಯ ಈಗಲೂ ಮಾತಾಡುತ್ತೇವೆ, ವಾಟ್ಸಾಪಿನಲ್ಲಿ ಮಾತ್ರ ಬೇಡ, ಮೂರನೆಯವರ ಎದುರೂ ಬೇಡ. ನೋಡುವವರಿದ್ದರೆ ಇಬ್ಬರಿಗೂ ಗೆಲ್ಲಬೇಕು ಅನ್ನಿಸುತ್ತದೆ.

2023ರಲ್ಲಿ ಮಗಳು ಬೇರೆ ಕಾಲೇಜು ಸೇರಿದಳು. ಹಳೇ ರೆಕಾರ್ಡ್ ಅಲ್ಲಿ ನಡೆಯಲಿಲ್ಲ, ಹೊಸದು ಬರೆಯಬೇಕಾಯಿತು. ಹಾಳೆಗಳಿಗೆಲ್ಲ ಮಾರ್ಜಿನ್ ಎಳೆದುಕೊಟ್ಟದ್ದು ನಾನು.