ಜೀನಿಗೆ ಬೆಳ್ಳಿ: ಬೆಂಕಿ ಕೆಲಸ ಮೊದಲು, ಉಳಿ ಆಮೇಲೆ

ಅಮೆರಿಕದ ಕೌಬಾಯ್‌ಗಳ ಕುದುರೆ ಜೀನು ನೋಡಿದ್ದೀರಲ್ವಾ? ಹೂಬಳ್ಳಿ ಬಿಡಿಸಿದ ದಪ್ಪ ಚರ್ಮ, ಮೂಲೆಮೂಲೆಗೂ ಮಿನುಗುವ ಬೆಳ್ಳಿ. ಮೆಕ್ಸಿಕೊದ ಸವಾರರಿಂದ ಅಲ್ಲಿಗೆ ಬಂದ ಶೋಕಿ ಇದು. ಸ್ವೀಡನ್‌ನಿಂದ ಹೋಗಿ ಹಾಲಿವುಡ್‌ನಲ್ಲಿ ನೆಲೆಸಿದ ಎಡ್ವರ್ಡ್ ಬೋಲಿನ್ ಸಿನಿಮಾ ನಟರಿಗೆಂದು ಮಾಡಿದ ಕೆಲವು ಜೀನುಗಳಲ್ಲಂತೂ ಬೆಳ್ಳಿಯ ನಡುವೆ ಚರ್ಮವನ್ನು ಹುಡುಕಬೇಕು.

ಈ ಕೆಲಸ ಕಲಿಯಲು ಹೊರಟವರು ಎಲ್ಲಕ್ಕಿಂತ ಮೊದಲು ಉಳಿ ಕೈಗೆತ್ತಿಕೊಳ್ಳುತ್ತಾರೆ. ಎಡವಟ್ಟಾಗುವುದು ಅಲ್ಲೇ. ಕೆತ್ತಿದ ತಗಡನ್ನು ಬೆಂಕಿಗೆ ಹಿಡಿದರೆ ಹೊಳಪು ಹೋಯಿತು. ಬಾಗಿಸಲು ಸುತ್ತಿಗೆ ಹಾಕಿದರೆ ಗೆರೆಗಳು ಚಪ್ಪಟೆಯಾದವು. ಹಾಗಾಗಿ ಕತ್ತರಿಸುವುದು, ಕಾಯಿಸುವುದು, ಬಾಗಿಸುವುದು, ಬೆಸುಗೆ ಎಲ್ಲವೂ ಮುಗಿಯಲಿ. ಉಳಿ ಅದಾದ ಮೇಲೆ.

ಅಳತೆ ಮತ್ತು ತಗಡು

ಅಳತೆಯನ್ನು ಜೀನಿನ ಮೇಲೆಯೇ ತೆಗೆಯಿರಿ. ಸಿದ್ಧವಾದ ಜೀನಿಗೆ ಕಾಗದ ಒತ್ತಿ ಹಿಡಿದು ಅಂಚು ಗುರುತು ಮಾಡಿ. ಬೆನ್ನಿಗೆ ಆನಿಕೆಯಾಗುವ ಹಿಂದಿನ ಏರು ಎರಡು ದಿಕ್ಕಿಗೆ ಬಾಗಿರುತ್ತದೆ. ಮೇಜಿನ ಮೇಲೆ ಅಂದಾಜಿನಲ್ಲಿ ಬರೆದ ನಮೂನೆ ಅಲ್ಲಿ ಕೂರುವುದೇ ಇಲ್ಲ.

ಬೆಳ್ಳಿ ಸ್ಟರ್ಲಿಂಗ್ ಆಗಿರಲಿ. ಅಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಅಪ್ಪಟ ಬೆಳ್ಳಿ ತೀರಾ ಮೆದು, ಒಂದು ಗುದ್ದಿಗೇ ತಗ್ಗು ಬೀಳುತ್ತದೆ. ತಗಡು 0.8ರಿಂದ 1 ಮಿಲಿಮೀಟರ್ ದಪ್ಪವಿದ್ದರೆ ಸಾಕು. ಅದಕ್ಕಿಂತ ತೆಳುವಾದರೆ ಆಳದ ಗೆರೆ ಎಳೆಯಲು ಧೈರ್ಯ ಬರುವುದಿಲ್ಲ.

ಗರಗಸದಿಂದ ಕತ್ತರಿಸಿ, ಅಂಚಿಗೆ ಅರ ಹಾಕಿದ ಮೇಲೆ ತಗಡನ್ನು ಕಾಯಿಸಿ ಮೆದು ಮಾಡಬೇಕು. ಕೋಣೆಯ ದೀಪ ಮಂದ ಮಾಡಿ ಕಾಯಿಸಿ. ಮಾಸಲು ಕೆಂಪು ಕಂಡ ಕೂಡಲೇ ಬೆಂಕಿ ತೆಗೆಯಿರಿ. ಅಲ್ಲಿಗೆ ಸುಮಾರು 650 ಡಿಗ್ರಿ ಸೆಲ್ಸಿಯಸ್ ಆಗಿರುತ್ತದೆ. 800ರ ಹತ್ತಿರ ಹೋದರೆ ಸ್ಟರ್ಲಿಂಗ್ ಕರಗಲು ಶುರುವಾಗುತ್ತದೆ. ಬಾಗಿಸಲು ಮರದ ಇಲ್ಲವೇ ತೊಗಲಿನ ಸುತ್ತಿಗೆಯೇ ಬೇಕು. ಕಬ್ಬಿಣದ್ದು ಗುರುತು ಬಿಡುತ್ತದೆ. ತಗಡು ಗಡುಸಾಗಿ ಪುಟಿಯತೊಡಗಿದರೆ ಮತ್ತೆ ಕಾಯಿಸಿ.

ಹಿಂಬದಿಗೆ ಬೇಕಾದ ಮೊಳೆಗಳನ್ನೂ ತಿರುಪಿನ ಗೂಟಗಳನ್ನೂ ಈಗಲೇ ಬೆಸೆದುಬಿಡಿ. ಕ್ಯಾಡ್ಮಿಯಂ ಇಲ್ಲದ ಬೆಸುಗೆಯನ್ನೇ ಕೊಳ್ಳಿ. ಕ್ಯಾಡ್ಮಿಯಂ ಹೊಗೆ ಶ್ವಾಸಕೋಶಕ್ಕೆ ವಿಷ. ಬೆಸುಗೆಯಾದ ಮೇಲೆ ಹುಳಿ ನೀರಿನಲ್ಲಿ, ಅಂದರೆ ತೆಳು ಆಮ್ಲದಲ್ಲಿ, ಅದ್ದಿ ಕಪ್ಪು ತೆಗೆದು, ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿ.

ಉಳಿ ಹದ

ಇಡೀ ಕೆಲಸದಲ್ಲಿ ಜಾಸ್ತಿ ತಾಳ್ಮೆ ಬೇಡುವುದು ಕೆತ್ತನೆಯಲ್ಲ, ಉಳಿ ಮಸೆಯುವುದು. ಚೌಕ ಉಳಿಯ ಮುಖಕ್ಕೆ ಸುಮಾರು 45 ಡಿಗ್ರಿ ಓರೆ ಕೊಡಿ. ಕೆಳಗಿನ ಎರಡು ಬದಿಗಳಲ್ಲಿ, ತುದಿಯಲ್ಲಿ ಮಾತ್ರ, 15ರಿಂದ 20 ಡಿಗ್ರಿಯ ಪುಟ್ಟ ಓರೆ, ಅಂದರೆ ಹಿಮ್ಮಡಿ, ತೆಗೆಯಿರಿ. ಅದರ ಉದ್ದ ಅರ್ಧ ಮಿಲಿಮೀಟರ್‌ಗಿಂತ ಕಡಿಮೆಯೇ ಇರಲಿ. ಉದ್ದವಾದರೆ ತಿರುವಿನಲ್ಲಿ ಗೆರೆಯ ಹೊರ ಅಂಚನ್ನು ಉಜ್ಜಿ ಕೆಡಿಸುತ್ತದೆ.

ಹಿಮ್ಮಡಿಯನ್ನು ಕನ್ನಡಿಯಂತೆ ನುಣುಪು ಮಾಡಬೇಕು. ಕೆತ್ತಿದ ಗೆರೆ ಹೊಳೆಯುವುದು ಅದರಿಂದಲೇ, ಆಮೇಲೆ ಪಾಲಿಶ್ ಹಾಕುವುದರಿಂದ ಅಲ್ಲ. ಮೊನೆ ಸರಿಯಿದೆಯೇ ಎಂದು ನೋಡಲು ಹೆಬ್ಬೆರಳಿನ ಉಗುರಿನ ಮೇಲೆ ಹಗುರವಾಗಿ ಇಡಿ. ಜಾರಿತೋ, ಮತ್ತೆ ಮಸೆಯಿರಿ. ಅಲ್ಲೇ ಕಚ್ಚಿ ನಿಂತಿತೋ, ಕೆಲಸಕ್ಕೆ ತಯಾರು.

ಬಳ್ಳಿ ಎಳೆಯುವುದು

ತಗಡನ್ನು ರಾಳದ ಮೇಲೆ ಕೂರಿಸಿ, ತಿರುಗುವ ಹಿಡಿಕೆಗೆ ಬಿಗಿಯಿರಿ. ಬಾಗಿದ ತಗಡಿನ ಅಡಿಯಲ್ಲಿ ಎಲ್ಲೂ ಪೊಳ್ಳು ಇರಬಾರದು. ಬಿಳಿ ಬಣ್ಣ ತೆಳುವಾಗಿ ಸವರಿ, ಪೆನ್ಸಿಲ್‌ನಲ್ಲಿ ಬಳ್ಳಿ ಬರೆಯಿರಿ. ಮೊದಲು ನಡುದಂಡು, ಆಮೇಲೆ ಎಲೆ.

ಉಳಿಯ ಹಿಡಿ ಅಂಗೈಯಲ್ಲಿ, ಹೆಬ್ಬೆರಳು ತಗಡಿಗೆ ಆನಿಕೆ. ತಿರುವು ಬಂದಾಗ ಉಳಿಯನ್ನು ತಿರುಗಿಸುವುದಲ್ಲ, ಎಡಗೈ ತಗಡನ್ನು ತಿರುಗಿಸಬೇಕು. ಆ ಎಡಗೈ ಯಾವತ್ತೂ ಮೊನೆಯ ಎದುರಿಗೆ ಬರಕೂಡದು. ಜಾರಿದ ಉಳಿ ಸೀದಾ ಕೈಗೆ ಇಳಿಯುತ್ತದೆ.

ಮೊನೆ ನಾಟಿ ನೂಕಿದರೆ ಮುಂದೆ ಕೂದಲೆಳೆಯಂಥ ಬೆಳ್ಳಿ ಸುರುಳಿ ಏಳುತ್ತದೆ. ಸುರುಳಿ ಸಮ ದಪ್ಪದಲ್ಲಿ ಬರುತ್ತಿದ್ದರೆ ಕೈ ಹದವಾಗಿದೆ ಎಂದರ್ಥ. ಹಿಡಿ ಮೇಲೆತ್ತಿದರೆ ಉಳಿ ಒಳಗೆ ಹೂತುಹೋಗುತ್ತದೆ, ಕೆಳಗಿಳಿಸಿದರೆ ಹೊರಗೆ ಬರುತ್ತದೆ. ಜೀನಿನ ಬೆಳ್ಳಿಗೆ ವಿಶೇಷವಾದ ಅಗಲ ಗೆರೆಯ ಗುಟ್ಟು ಹೀಗಿದೆ: ಎಲೆಯ ತುದಿಯಲ್ಲಿ ಉಳಿ ನೆಟ್ಟಗೆ ಹಿಡಿದು ಸಣ್ಣ ಗೆರೆ ಶುರು ಮಾಡಿ, ಮುಂದೆ ಹೋದಂತೆ ಉಳಿಯನ್ನು ಒಂದು ಬದಿಗೆ ವಾಲಿಸಿ, ಕೊನೆಯಲ್ಲಿ ಮತ್ತೆ ನೆಟ್ಟಗೆ ತನ್ನಿ. ನಡುವೆ ಹೊಟ್ಟೆಯಂತೆ ಅಗಲವಾದ ಓರೆ ಗೋಡೆ ಮೂಡುತ್ತದೆ. ಸವಾರ ಸ್ವಲ್ಪ ಅಲುಗಿದರೂ ಅದು ಬೆಳಕನ್ನು ದೂರಕ್ಕೆ ಚಿಮ್ಮಿಸುತ್ತದೆ. ಕೂದಲೆಳೆಯಂಥ ಕುಸುರಿ ಉಂಗುರಕ್ಕೆ ಚೆಂದ. ಹತ್ತಡಿ ದೂರದಿಂದ ನೋಡುವ ಜೀನಿನಲ್ಲಿ ಅದು ಸುಮ್ನೆ ವ್ಯರ್ಥ. ಇದೆಲ್ಲ ಮೊದಲು ತಾಮ್ರದ ತಗಡಿನ ಮೇಲೆ ಪಳಗಲಿ.

ಬಳ್ಳಿಯ ಹಿಂದಿನ ಜಾಗವನ್ನು ತಗ್ಗಿಸಿ ಸಲ್ಫರ್ ದ್ರಾವಣದಿಂದ ಕಪ್ಪು ಮಾಡಿದರೆ ಚಿತ್ತಾರ ಎದ್ದು ಬರುತ್ತದೆ. ಹುಳಿ ನೀರೂ ಈ ದ್ರಾವಣವೂ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ, ಸೇರಿದರೆ ವಿಷಾನಿಲ ಏಳುತ್ತದೆ. ಮೇಲ್ಮೈಯ ಕಪ್ಪನ್ನು ಗಟ್ಟಿ ಪಟ್ಟಿಯಿಂದ ಉಜ್ಜಿ ತೆಗೆಯಿರಿ. ಇಲ್ಲಿ ಪಾಲಿಶ್ ಚಕ್ರಕ್ಕೆ ಹೋಗಬೇಡಿ. ಚೂಪು ಅಂಚುಗಳೆಲ್ಲ ಮೊಂಡಾಗುತ್ತವೆ.

ಚರ್ಮದೊಳಗೆ ಕೂರಿಸುವುದು

ಮರದ ತೊಗಟೆಯ ರಸದಲ್ಲಿ ಹದ ಮಾಡಿದ, 5ರಿಂದ 6 ಮಿಲಿಮೀಟರ್ ದಪ್ಪದ ಚರ್ಮ ಇದಕ್ಕೆ ಸರಿ. ಒದ್ದೆ ಮಾಡಿ, ತಗಡಿಟ್ಟು ಅಂಚು ಗೀರಿ. ಗೀರಿನ ಒಳಬದಿಯನ್ನು ಮಾತ್ರ ತಗಡಿನ ದಪ್ಪದಷ್ಟು ಒತ್ತಿ ತಗ್ಗಿಸಿ. ಬೆಳ್ಳಿ ಚರ್ಮಕ್ಕೆ ಸಮನಾಗಿ ಕೂತರೆ ಹಗ್ಗವಾಗಲಿ ಬಟ್ಟೆಯಾಗಲಿ ಅಂಚಿಗೆ ಸಿಕ್ಕುವುದಿಲ್ಲ.

ಚರ್ಮ ಪೂರ್ತಿ ಒಣಗಲಿ. ಬಣ್ಣ, ಎಣ್ಣೆ ಎಲ್ಲ ಆಗಲಿ. ಆಮೇಲೆ ತಗಡಿನ ಬೆನ್ನಿಗೆ ಲ್ಯಾಕರ್ ಬಳಿದು, ಮೊಳೆಗಳನ್ನು ತೂತಿನಲ್ಲಿ ದಾಟಿಸಿ, ವಾಷರ್ ಮೇಲೆ ಮಡಿಸಿ. ಒಳಗಿನ ಅಸ್ತರಿ ಹೊಲಿಯುವ ಮೊದಲೇ ಇದಾಗಬೇಕು. ಕುದುರೆಯ ಮೈಗೆ ಒಂದು ಮೊನೆ ತಾಗಿದರೂ ಹುಣ್ಣಾಗುತ್ತದೆ. ಕಾಂಚೋ ಎನ್ನುವ ಗುಂಡು ಬಿಲ್ಲೆಗಳಿಗೆ ತಿರುಪು ಒಳ್ಳೆಯದು, ಬೇಕಾದಾಗ ಬಿಚ್ಚಬಹುದು. ಸವಾರನ ತೊಡೆ ಉಜ್ಜುವ ಜಾಗಕ್ಕೂ ಪಟ್ಟಿ ಜಗ್ಗುವ ಜಾಗಕ್ಕೂ ಬೆಳ್ಳಿ ಬೇಡವೇ ಬೇಡ.

ಸವಾರ ಕಾಲಿಡುವ ಕಬ್ಬಿಣದ ರಿಕಾಪಿಗೆ ಬೆಳ್ಳಿ ತುಂಬುವ ದಾರಿ ಬೇರೆ. ಅಲ್ಲಿ ಬಾಯಿಗಿಂತ ತಳ ಅಗಲವಾಗಿರುವಂತೆ ಕಾಲುವೆ ಕೊರೆದು, ಕಾಯಿಸಿ ಮೆದು ಮಾಡಿದ ಅಪ್ಪಟ ಬೆಳ್ಳಿ ತಂತಿಯನ್ನು ಸುತ್ತಿಗೆಯಿಂದ ಹೊಡೆದು ತುಂಬುತ್ತಾರೆ. ಅಂಟು ಬೇಡ, ಬೆಸುಗೆಯೂ ಬೇಡ.

ಕೆಲವು ತಿಂಗಳು ಕಳೆದ ಮೇಲೆ ಬೆಳ್ಳಿಯ ಅಂಚಿನಲ್ಲಿ ಹಸಿರು ಮೇಣದಂಥದ್ದು ಕಂಡರೆ ಗಾಬರಿ ಬೇಡ. ಸ್ಟರ್ಲಿಂಗ್‌ನಲ್ಲಿರುವ ತಾಮ್ರ ಚರ್ಮದ ಎಣ್ಣೆಯೊಡನೆ ಸೇರಿ ಆಗುವ ಕಿಲುಬು ಅದು. ಮರದ ಕಡ್ಡಿಯಿಂದ ಕೆರೆದು, ಒಣ ಬಟ್ಟೆಯಲ್ಲಿ ಒರೆಸಿ. ಜೀನಿಗೆ ಮುಂದಿನ ಸಲ ಎಣ್ಣೆ ಹಾಕುವಾಗ ಬೆಳ್ಳಿಯ ಸುತ್ತ ಒಂದು ಬೆರಳಗಲ ಬಿಟ್ಟು ಹಾಕಿ.