ಪಾಲಕ್ ಹಸಿರಾಗಿದ್ದರೆ ಸಾಲದು: ಕ್ಯಾಡ್ಮಿಯಂ ತಡೆಯಲು ನಾನು ಮಾಡುವ ಕೆಲಸ

ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ ಹೊಕ್ಕ ಪಾಲಕ್ ಸಾಮಾನ್ಯವಾಗಿ ಬಾಡುವುದಿಲ್ಲ, ಎಲೆ ಸುರುಟುವುದಿಲ್ಲ. ಗಿಡ ಫೈಟೊಕೆಲಾಟಿನ್ ಎಂಬ ಗಂಧಕವಿರುವ ಪೆಪ್ಟೈಡ್ (ಪ್ರೋಟೀನಿನಂಥ ಚಿಕ್ಕ ಸರಪಳಿ) ತಯಾರಿಸಿ, ಲೋಹವನ್ನು ಅದಕ್ಕೆ ಕಟ್ಟಿ ಜೀವಕೋಶದೊಳಗಿನ ರಸ ತುಂಬಿದ ಚೀಲವಾದ ರಸದಾನಿಯಲ್ಲಿ ಕೂಡಿಹಾಕುತ್ತದೆ. ಇದು ಬೇರಿನಲ್ಲೇ ಆದರೆ ನಮಗೆ ಒಳ್ಳೆಯದು. ಎಲೆಯಲ್ಲಿ ಆದರೆ ಗಿಡ ಬದುಕುತ್ತದೆ, ವಿಷ ನಮ್ಮ ತಟ್ಟೆಗೆ ಬರುತ್ತದೆ. ಅದಕ್ಕೇ ನಾನು ಬೆಳೆ ನೋಡಿ ತೀರ್ಮಾನ ಮಾಡುವುದಿಲ್ಲ.

ಬೆಂಗಳೂರಿನ ವೃಷಭಾವತಿ ನದಿಯಂಥ ಕೊಳಚೆ ನೀರು ಹಾಯ್ದ ಜಮೀನಿಗೆ ಈಗ ಬೋರ್‌ವೆಲ್ ನೀರು ಬಿಟ್ಟರೂ ಮಣ್ಣಲ್ಲಿ ಕೂತ ಲೋಹ ಹೋಗುವುದಿಲ್ಲ. ಎಂಟು-ಹತ್ತು ಕಡೆ 15 ಸೆಂ.ಮೀ. ಆಳದ ಮಣ್ಣು ತೆಗೆದು ಪ್ಲಾಸ್ಟಿಕ್ ಬಕೆಟ್‌ನಲ್ಲಿ ಬೆರೆಸಿ ಪರೀಕ್ಷೆಗೆ ಕೊಡುತ್ತೇನೆ. ಒಟ್ಟು ಲೋಹದ ಜೊತೆಗೆ ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) ಮತ್ತು ಡಿಟಿಪಿಎ ಎಂಬ ರಾಸಾಯನಿಕ ದ್ರಾವಣಕ್ಕೆ ಬಿಟ್ಟುಬರುವ ಲೋಹದ ಅಂಶವನ್ನೂ ಕೇಳಬೇಕು. ಬೇರಿಗೆ ಎಷ್ಟು ಸಿಗುತ್ತದೆ ಎಂಬ ಅಂದಾಜು ಅದರಿಂದಲೇ.

ಮಣ್ಣು ಹುಳಿಯಾದಷ್ಟೂ ಕ್ಯಾಡ್ಮಿಯಂ ಬೇರಿಗೆ ಸುಲಭವಾಗಿ ಸಿಗುತ್ತದೆ. ಅದಕ್ಕೇ ಪಿಎಚ್ 6ಕ್ಕಿಂತ ಕಡಿಮೆ ಇರುವ ಕೆಂಪು ಮಣ್ಣಿಗೆ ಗುಂಟೆಗೆ 20 ಕೆ.ಜಿ. ಕೃಷಿ ಸುಣ್ಣ, ಬಿತ್ತನೆಗೆ ಮೂರು ವಾರ ಮೊದಲು. ಗುರಿ 6.5ರಿಂದ 7. ಸುಣ್ಣ ಒಳ್ಳೆಯದೆಂದು ಮತ್ತೆ ಮತ್ತೆ ಸುರಿದರೆ ಕೆಡುತ್ತದೆ: ಪಿಎಚ್ 7.5 ದಾಟಿದಾಗ ಕಬ್ಬಿಣ ಸಿಗದೆ ಎಳೆಯ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು. ಕಬ್ಬಿಣಕ್ಕಾಗಿ ಹಸಿದ ಬೇರು ಅದನ್ನು ಒಳಗೆಳೆಯುವ ದ್ವಾರಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಅದೇ ದ್ವಾರದಲ್ಲಿ ಕ್ಯಾಡ್ಮಿಯಮ್ಮೂ ನುಗ್ಗುತ್ತದೆ. ಸತುವಿನ ಕೊರತೆ ಇದ್ದರೂ ಇದೇ ಗತಿ. ಮಣ್ಣಲ್ಲಿ ಸತು ಕಡಿಮೆಯಿದ್ದರೆ ಗುಂಟೆಗೆ 250 ಗ್ರಾಂ ಜಿಂಕ್ ಸಲ್ಫೇಟ್, ಸುಣ್ಣದ ಜೊತೆ ಬೆರೆಸದೆ ಬೇರೆಯಾಗಿ ಕೊಡುತ್ತೇನೆ.

ಲೋಹವನ್ನು ಮಣ್ಣಲ್ಲೇ ಹಿಡಿದಿಡಲು ಗುಂಟೆಗೆ 200 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕುತ್ತೇನೆ. ನಗರದ ಕಸದ ಕಾಂಪೋಸ್ಟ್ ಆದರೆ ಪರೀಕ್ಷಾ ವರದಿ ನೋಡದೆ ತರುವುದಿಲ್ಲ. ರಸಗೊಬ್ಬರ ನಿಯಂತ್ರಣ ಆದೇಶದ ಮಿತಿಯೇ ಕೆ.ಜಿ.ಗೆ ಕ್ಯಾಡ್ಮಿಯಂ 5 ಮಿ.ಗ್ರಾಂ., ಸೀಸ 100 ಮಿ.ಗ್ರಾಂ. ಪೊಟ್ಯಾಶ್‌ಗೆ ಎಂಒಪಿ (ಪೊಟ್ಯಾಸಿಯಂ ಕ್ಲೋರೈಡ್) ಬದಲು ಎಸ್‌ಒಪಿ (ಪೊಟ್ಯಾಸಿಯಂ ಸಲ್ಫೇಟ್), ಏಕೆಂದರೆ ಕ್ಲೋರೈಡ್ ಕ್ಯಾಡ್ಮಿಯಮ್ಮನ್ನು ಹಿಡಿದುಕೊಂಡು ಮಣ್ಣಿನ ನೀರಿನಲ್ಲಿ ಓಡಾಡುವಂತೆ ಮಾಡುತ್ತದೆ. ಬೋರ್ ನೀರು ಉಪ್ಪಾಗಿದ್ದರೂ ಅದೇ ತೊಂದರೆ.

ಸೀಸದ ದಾರಿ ಬೇರೆ. ಅದರಲ್ಲಿ ಹೆಚ್ಚಿನದು ಬೇರಿನ ಬಳಿಯೇ ನಿಲ್ಲುತ್ತದೆ. ಎಲೆಯ ಮೇಲೆ ಸಿಗುವುದು ಬಹುಪಾಲು ದೂಳು ಮತ್ತು ಸಿಡಿದ ಮಣ್ಣು. ಸಾಲುಗಳ ನಡುವೆ ಹುಲ್ಲಿನ ಹೊದಿಕೆ, ಸ್ಪ್ರಿಂಕ್ಲರ್ ಬದಲು ಡ್ರಿಪ್, ಕೊಯ್ದ ಮೇಲೆ ಎರಡು-ಮೂರು ಸಲ ಶುದ್ಧ ನೀರಿನಲ್ಲಿ ತೊಳೆಯುವುದು. ಎಲೆಯೊಳಗೆ ಸೇರಿದ ಕ್ಯಾಡ್ಮಿಯಮ್ಮನ್ನು ಯಾವ ತೊಳೆತವೂ ತೆಗೆಯದು.

ಕೊಯ್ಲಿನ ಸೊಪ್ಪನ್ನು ತೊಳೆದೇ ಲ್ಯಾಬಿಗೆ ಕಳಿಸುತ್ತೇನೆ. ವರದಿ ಒಣ ತೂಕಕ್ಕೋ ಹಸಿ ತೂಕಕ್ಕೋ ಎಂದು ಮೊದಲು ನೋಡಿ. ಸೊಪ್ಪಿನಲ್ಲಿ ಸುಮಾರು ಶೇ 90 ನೀರು, ಹಾಗಾಗಿ ಒಣ ತೂಕದ ಕೆ.ಜಿ.ಗೆ 2 ಮಿ.ಗ್ರಾಂ. ಎಂದರೆ ಹಸಿಯಲ್ಲಿ 0.2. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಸೊಪ್ಪಿಗೆ ಕ್ಯಾಡ್ಮಿಯಂ ಮಿತಿಯೂ ಹಸಿ ತೂಕದ ಕೆ.ಜಿ.ಗೆ 0.2 ಮಿ.ಗ್ರಾಂ. ಸುಣ್ಣ-ಗೊಬ್ಬರ ಕೊಟ್ಟ ಮೇಲೂ ಅದಕ್ಕಿಂತ ಇಳಿಯದ ತಾಕಿನಲ್ಲಿ ಪಾಲಕ್, ದಂಟು ಎರಡನ್ನೂ ಬಿಟ್ಟು ಸೇವಂತಿಗೆ ಅಥವಾ ಚೆಂಡು ಹೂ ಹಾಕುತ್ತೇನೆ.