ಗಲ್ಲಾದಲ್ಲಿ ಕಾರ್ಡು ಕೈಗೆ ಬಂದಾಗ

ತುಮಕೂರಿನ ಬಿ.ಎಚ್. ರಸ್ತೆಯ ಸೀರೆ ಅಂಗಡಿಯಲ್ಲಿ ನಾನು ಕ್ಯಾಷಿಯರ್. ಹೊಸದಾಗಿ ಗಲ್ಲಾಕ್ಕೆ ಕೂರುವವರಿಗೆ ಇದನ್ನು ಹೇಳಿಕೊಡುತ್ತೇನೆ.

ನಮ್ಮ ಬ್ಯಾಂಕುಗಳ ಕಾರ್ಡಿಗೆ ಪಿನ್ ಸಾಕು. ಯಂತ್ರವನ್ನು ಗ್ರಾಹಕರತ್ತ ತಿರುಗಿಸಿ, ನೀವು ಬೇರೆಡೆ ನೋಡಿ. ಪಿನ್ ಕೂಗಿ ಹೇಳುವ ಹಿರಿಯರನ್ನು ತಡೆದು, ‘ನೀವೇ ಒತ್ತಿ ಅಮ್ಮಾ’ ಎನ್ನಿ. 2021ರ ಜನವರಿಯಿಂದ 5,000 ರೂಪಾಯಿವರೆಗೆ ಕಾರ್ಡು ತಾಗಿಸಿದರೆ ಪಿನ್ ಇಲ್ಲದೆಯೂ ಹಣ ಹೋಗುತ್ತದೆ. ಮೊತ್ತವನ್ನು ಮೊದಲೇ ಓದಿ ಹೇಳಿ.

ಸಹಿ ಬೇಕಾಗುವುದು ಹೆಚ್ಚಾಗಿ ವಿದೇಶಿ ಕಾರ್ಡಿಗೆ. ಚೀಟಿಯಲ್ಲಿ ಸಹಿಯ ಗೆರೆ ಬಂದರೆ ಕಾರ್ಡನ್ನು ಕೂಡಲೇ ಹಿಂದಿರುಗಿಸಬೇಡಿ. ಸಹಿ ಹಾಕಿಸಿ, ಆಮೇಲೆ ಕಾರ್ಡಿನ ಹಿಂಬದಿಯ ಸಹಿಗೆ ಹೋಲಿಸಿ. ಮೊದಲ ಅಕ್ಷರದ ಸುತ್ತು, ಬರಹದ ವಾಲಿಕೆ ನೋಡಿ. ಪಡಿಯಚ್ಚಾಗಿರಬೇಕಿಲ್ಲ, ಯಾರ ಸಹಿಯೂ ಹಾಗಿರುವುದಿಲ್ಲ. ಚೀಟಿಯ ಕೊನೆಯ ನಾಲ್ಕು ಅಂಕಿ ಕಾರ್ಡಿನದ್ದೇ ಆಗಿರಬೇಕು. ಈಗಿನ ಹಲವು ಕಾರ್ಡುಗಳಲ್ಲಿ ಸಹಿಯ ಪಟ್ಟಿಯೇ ಇಲ್ಲ. ಸಂಶಯವಿದ್ದರೆ ಪಾಸ್‌ಪೋರ್ಟ್ ತೋರಿಸುವಂತೆ ವಿನಯದಿಂದ ಕೇಳಿ, ಹೆಸರು, ಭಾವಚಿತ್ರ ನೋಡಿ ವಾಪಸು ಕೊಡಿ. ಜೆರಾಕ್ಸ್, ಮೊಬೈಲ್ ಫೋಟೊ, ಕಾರ್ಡಿನ ಹಿಂಬದಿಯ ಮೂರಂಕಿ ಬರೆದುಕೊಳ್ಳುವುದು ಯಾವುದೂ ಕೂಡದು. ಅದು ಕಳ್ಳನಿಗೆ ಕೀಲಿಕೈ ಕೊಟ್ಟಂತೆ.

ಸಹಿ ಹೊಂದದಿದ್ದರೆ ವಾದ ಬೇಡ, ಮಾಲೀಕರನ್ನು ಕರೆಯಿರಿ. ಸಹಿಯ ಚೀಟಿಯನ್ನು ಆ ದಿನದ ಲೆಕ್ಕದ ಕವರಿನಲ್ಲಿಡಿ. ಬಿಸಿಲು ತಾಗಿದರೆ ಅಕ್ಷರ ಮಾಸುತ್ತದೆ.